ತುಕ್ಕು ಕೆರೆಯುವ ಮೈದುನ

ನನ್ನ ಮೈದುನನಿಗೆ ಹೊತ್ತು ಹುಟ್ಟುವುದೂ ಮುಳುಗುವುದೂ ಮನೆಯ ಮುಂದಿನ ಆ ಪುಟ್ಟ ಕೆಂಪು ಕಾರಿನಲ್ಲೇ. ಒಂದು ಕಾಲಕ್ಕೆ ಅದು ಗಾಳಿಯಂತೆ ಓಡುತ್ತಿತ್ತಂತೆ. ಇವನು ಕೊಂಡು ತಂದಾಗ ಬಾಗಿಲಿನ ತೂತಿನಲ್ಲಿ ಇರುವೆ ಸಂಸಾರ ಹೂಡಿತ್ತು. ನಲವತ್ತು ವರ್ಷ ಕಾರ್ಖಾನೆಯ ಲೇತ್ ಯಂತ್ರದ ಮುಂದೆ ನಿಂತು ಬಂದವನು ಈಗ ಉಪ್ಪುಕಾಗದ ಹಿಡಿದು, ಮಗುವಿನ ಬೆನ್ನು ಉಜ್ಜುವಂತೆ ತುಕ್ಕು ಉಜ್ಜುತ್ತಾನೆ. ಅಗಲದ ಚಕ್ರ ಹಾಕಿದ, ಕಾರಿನ ಮೈಯನ್ನು ನೆಲದತ್ತ ತಗ್ಗಿಸಿದ. ಬೆಕ್ಕು ಕೂಡ ಅದರಡಿ ಬಗ್ಗಿಯೇ ನುಸುಳಬೇಕು. "ನನ್ನ ಕಡೆ ಇಷ್ಟು ನೋಡಿದ್ರೆ ನಾನೂ ಹೊಸ ಮದುಮಗಳ ಹಾಗಿರ್ತಿದ್ದೆ" ಎನ್ನುತ್ತಾಳೆ ಓರಗಿತ್ತಿ. ಅವನು ನಕ್ಕು ಕಾರಿನಡಿ ಸೇರುತ್ತಾನೆ. ಸೈಲೆನ್ಸರನ್ನು ಮಾತ್ರ ಮೂರು ಸಲ ಬದಲಿಸಿದ, ಪ್ರತಿ ಸಲವೂ ಸದ್ದು ಹೆಚ್ಚು. ಬೀದಿಯವರು ಮುದಿ ವಯಸ್ಸಿನ ಶೋಕಿ ಎಂದರು. ಲೇತಿನ ಗದ್ದಲ ಅವನ ಕಿವಿ ತಿಂದು ಹಾಕಿದ್ದು ಅವರಿಗೆ ಗೊತ್ತಿಲ್ಲ. ನಮ್ಮ ಮಾತನ್ನೆಲ್ಲ ತುಟಿ ನೋಡಿ ತಿಳಿಯುತ್ತಾನೆ. ತುಟಿಯಿಲ್ಲದ ಎಂಜಿನ್ನಿನ ದನಿಯನ್ನು ಒಮ್ಮೆ ಕೇಳಬೇಕೆಂಬುದೇ ಅವನಿಗೆ ಉಳಿದ ಆಸೆ. ಮೊನ್ನೆ ನಾಲ್ಕನೆಯ ಸಲ ಬದಲಿಸಿ ಸ್ಟಾರ್ಟ್ ಮಾಡಿದಾಗ ಕಿಟಕಿಗಳು ಅದುರಿದವು, ಪಾರಿವಾಳಗಳು ಎದ್ದು ಹಾರಿದವು, ಬೀದಿಯವರೆಲ್ಲ ಬಯ್ಯಲು ಹೊರಗೆ ಬಂದರು. ಅವನು ಕಣ್ಣು ಮುಚ್ಚಿ ನಿಂತೇ ಇದ್ದ. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ ಹೇಳಿದ: "ಕೇಳಿಸ್ತಿದೆ ಅತ್ತಿಗೆ. ಎಲ್ಲೋ ದೂರದಲ್ಲಿ ಬರ್ತಾ ಇರೋ ಹಾಗೆ."