ಗುರುಲಿಂಗಯ್ಯನ ಮೂರು ಗೆರೆ
ಕುರಕುಂಟಾ ಊರಿನ ಆಸ್ಪತ್ರೆಯಲ್ಲಿ ಕೊರೊನಾ ತಪಾಸಣೆಯ ಟೇಬಲ್ಲಿನ ಮುಂದೆ ಲ್ಯಾಬಿನ ಗುರುಲಿಂಗಯ್ಯ ಕೂತನೆಂದರೆ, ಯಾರ ಮೂಗಿಗೆ ಯಾವ ಕಡ್ಡಿ ಎಂಬುದು ಕೆಮ್ಮಿನ ಸದ್ದಿನಲ್ಲೇ ತೀರ್ಮಾನ. ಕಾರ್ಖಾನೆಯ ಪಾಳಿಗೆ ಹೊರಟವರಿಗೆ ಕಾಲು ತಾಸಿನ ರ‍್ಯಾಪಿಡ್ ಪರೀಕ್ಷೆ. ಅದರಲ್ಲಿ ಒಂದೇ ಗೆರೆ ಬಂದರೂ ಮೈ ಸುಡುವವರಿಗೆ, ಕಲಬುರಗಿಗೆ ಕಳಿಸಿ ಎರಡು ದಿನ ಕಾಯುವ ಆರ್‌ಟಿಪಿಸಿಆರ್. "ಎರಡು ಗೆರಿ ಬಂದ್ರ ಬ್ಯಾನಿ ಖರೇ, ಮನ್ಯಾಗ ಕುಂದ್ರಿ. ಒಂದೇ ಬಂದ್ರ ಭಾಳ ಹಿಗ್ಗಬ್ಯಾಡ್ರಿ, ಕಡ್ಡೀನೂ ಸುಳ್ಳು ಹೇಳ್ತದ. ಮೂರು ಗೆರಿ ನನ್ನ ಹಣೀ ಮ್ಯಾಲಷ್ಟೇ!" ಎಂದು ವಿಭೂತಿ ತೋರಿಸುತ್ತಾನೆ. ಆ ಗೆರೆಗಳು ಈಚೆಗೆ ಸೊಟ್ಟಗಾಗಿವೆ ಎಂದು ಜನ ನಕ್ಕರೆ ತಾನೂ ನಗುತ್ತಾನೆ. ದಿನಾ ತನ್ನ ಮೂಗಿಗೂ ರ‍್ಯಾಪಿಡ್ ಕಡ್ಡಿ ಹಾಕಿಕೊಳ್ಳುತ್ತಾನೆ. ದಿನಾ ಒಂದೇ ಗೆರೆ. ಆದರೂ ನಲವತ್ತು ವರ್ಷ ಅವನ ಹಣೆಗೆ ವಿಭೂತಿ ಎಳೆದ ತಾಯಿ ಅಮೃತಮ್ಮನ ಬೆರಳನ್ನು ಈಗ ಹತ್ತಿರ ಬಿಟ್ಟುಕೊಳ್ಳದೆ, ಗೆರೆ ತಾನೇ ಎಳೆದುಕೊಳ್ಳುತ್ತಾನೆ.