ತುಪ್ಪ ಸವರದ ಬನ್ನು

ಮೂಡುಬಿದಿರೆಯಲ್ಲಿ ಬನ್ನನ್ನು ಎಣ್ಣೆಯಲ್ಲಿ ಕರಿಯುತ್ತಾರೆ. ಊರಿಗೆ ಬಂದ ಮೊದಲ ವಾರ ಹೋಟೆಲೊಂದರಲ್ಲಿ ‘ಬನ್ಸ್’ ಎಂದು ಕೇಳಿದಾಗ, ಪೂರಿಯಂತೆ ಉಬ್ಬಿದ, ಬಾಳೆಹಣ್ಣಿನ ವಾಸನೆಯ, ಕಂದು ಬಣ್ಣದ ತಿಂಡಿಯೊಂದು ಚಟ್ನಿಯ ಜೊತೆ ಬಂತು. ತಿನ್ನುವ ಮೊದಲು ಹೋಟೆಲಿನವರನ್ನು ಕೇಳಿದೆ: “ಇದಕ್ಕ ಹಾಲು ಹಾಕೀರೇನ್ರೀ?”

“ಹಾಲಾ? ಇದಕ್ಕೆ ಹಾಲು ಯಾರು ಹಾಕ್ತಾರೆ ಅಕ್ಕ?”

ಅವರು ಹೇಳಿದ್ದು ಸುಳ್ಳಲ್ಲ. ಹಾಕಿದ್ದು ಮೊಸರು. ಕೈ ತೊಳೆದು ಬರುವಷ್ಟರಲ್ಲಿ ನನ್ನ ಮಗಳು ಪಲ್ಲವಿಯ ತುಟಿ ಬಾತು, ಉಸಿರು ಸಿಳ್ಳೆ ಹಾಕತೊಡಗಿತ್ತು. ಎಲ್ಲರೂ ಬಸದಿ ನೋಡಲು ಬರುವ ಊರಿನಲ್ಲಿ ನಾವು ಮೊದಲು ನೋಡಿದ್ದು ಆಸ್ಪತ್ರೆಯನ್ನು.

ಇದು ತೊಂಬತ್ತರ ದಶಕದ ಕೊನೆಯ ಮಾತು. ನಾನು ಹುಬ್ಬಳ್ಳಿಯ ಪತ್ರಿಕೆಯೊಂದರ ಡೆಸ್ಕಿನಲ್ಲಿದ್ದೆ. ಗಂಡನಿಗೆ ಬಂಟ್ವಾಳದ ಬ್ಯಾಂಕಿಗೆ ವರ್ಗವಾಯಿತು. ಪಲ್ಲವಿಯ ಶಾಲೆಗೆಂದು ಮೂಡುಬಿದಿರೆಯಲ್ಲಿ ಮನೆ ಮಾಡಿದೆವು. ಹಾಲು, ಮೊಸರು, ಬೆಣ್ಣೆ, ತುಪ್ಪ, ಮೊಟ್ಟೆ ಯಾವುದೂ ಅವಳ ಮೈಗೆ ಆಗದು. ಒಂದು ಹನಿಯೂ ಬೇಡವೆಂದು ಹುಬ್ಬಳ್ಳಿಯ ವೈದ್ಯರು ಹೇಳಿದ್ದರು. ತವರು ಗದಗಿನಲ್ಲಿ ಇದನ್ನು ಬಂಧುಗಳಿಗೆ ತಿಳಿಸಿ ಹೇಳುವುದರಲ್ಲೇ ವರ್ಷಗಳು ಕಳೆದಿದ್ದವು. ಇಲ್ಲಿ ಎಲ್ಲವನ್ನೂ ಮೊದಲಿನಿಂದ ಶುರು ಮಾಡಬೇಕಿತ್ತು. ಅದೂ ಮನೆಯೊಳಗೆ ತುಳು ಆಡಿ, ನನ್ನ ಜೊತೆ ಮಾತ್ರ ಪಾಠ ಓದಿದಂತೆ ನಿಧಾನವಾಗಿ ಕನ್ನಡ ಆಡುವ ಜನರ ನಡುವೆ.

ಮನೆಯ ಒಡತಿ ಪದ್ಮಕ್ಕ ಜೈನರು. ಗಂಡ ತೀರಿಕೊಂಡ ಮೇಲೆ ಮನೆಯ ಒಂದು ಪಾಲನ್ನು ಬಾಡಿಗೆಗೆ ಕೊಡುತ್ತಿದ್ದರು. ಅಂಗಳದೊಳಗೆ ಮೊಟ್ಟೆ ಬರಬಾರದು ಎಂಬುದು ನಮಗೆ ಹಾಕಿದ ಷರತ್ತು. ತಮಗೆ ಹಾಕಿಕೊಂಡವು ಇನ್ನೂ ಹೆಚ್ಚು: ನೆಲದೊಳಗೆ ಬೆಳೆದ ಗಡ್ಡೆ ತಿನ್ನರು, ಹುಳಿ ಬಂದ ಹಿಟ್ಟಿನದನ್ನು ಬಾಯಿಗಿಡರು, ಹೊತ್ತು ಮುಳುಗಿದ ಮೇಲೆ ಅವರ ಬಾಯಿಗೆ ಅಗುಳು ಅನ್ನವೂ ಹೋಗುವುದಿಲ್ಲ. ಇಷ್ಟು ಕಟ್ಟುನಿಟ್ಟಿನವರಿಗೆ ನಮ್ಮ ಕಷ್ಟ ಕೂಡಲೇ ಅರ್ಥವಾಗುತ್ತದೆಂದು ನಾನು ಎಣಿಸಿದ್ದೆ.

“ಹಾಲು ಬೇಡ, ಸರಿ. ತುಪ್ಪಕ್ಕೇನು ಮಾರಾಯ್ತಿ? ತುಪ್ಪ ಮದ್ದಲ್ವಾ?” ಎಂದರು.

ಪದ್ಮಕ್ಕ ಒಬ್ಬರೇ ಅಲ್ಲ. ಬೀದಿಗೆ ಬೀದಿಯೇ ಹಾಗೆ ಹೇಳಿತು. ಈ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುವ ಹಳೆಯ ಪದ್ಧತಿಯಿದೆ. ಪಲ್ಲವಿ ಅದನ್ನು ಸಂತೋಷದಿಂದ ತಿನ್ನುತ್ತಿದ್ದಳು. ಅದಾದ ಮೇಲೆ ಚಹಾ, ಪೇಡ, ತುಪ್ಪದ ಉಂಡೆ. ಬೇಡವೆಂದರೆ ಮುಖ ಸಣ್ಣದಾಗುತ್ತಿತ್ತು. ಗದಗಿನಲ್ಲಾದರೆ ಬೇಡ ಎಂದವರ ಜೊತೆ ಜಗಳವಾಡುತ್ತಾರೆ, ಅಲ್ಲಿಗೆ ಮುಗಿಯುತ್ತದೆ. ಇಲ್ಲಿ ಜಗಳವಿಲ್ಲ, ನಗುತ್ತಾ ಮತ್ತೆ ಬಡಿಸುತ್ತಾರೆ. ನನಗೆ ಜಗಳವೇ ವಾಸಿ ಎನಿಸಿತು. ಶಾಲೆಯಲ್ಲಿ ಪಲ್ಲವಿ ಬುತ್ತಿ ಬಿಚ್ಚಿ ಒಬ್ಬಳೇ ತಿನ್ನುತ್ತಿದ್ದಳು. ಅವಳಿಗೆ ಜಂಬವಂತೆ, ಯಾರ ಮನೆಯದ್ದೂ ಅವಳಿಗೆ ಆಗದಂತೆ. ಫೆಬ್ರವರಿಯ ಹುಟ್ಟುಹಬ್ಬಕ್ಕೆ ಅವಳು ಕೇಳಿದ್ದು ಒಂದನ್ನೇ: “ಕ್ಲಾಸಿಗೆ ಹಂಚಿದ್ದನ್ನ ನಾನೂ ತಿನ್ನಬೇಕು. ಎಲ್ಲಾರ ಜೋಡಿ.”

ಹುಬ್ಬಳ್ಳಿಯ ಬೇಕರಿಯ ಹಣ್ಣಿನ ಬನ್ನಿನ ಮೇಲೆ ಅವಳಿಗೆ ಹಳೆಯ ಆಸೆ. ಗಾಜಿನಾಚೆಯಿಂದ ನೋಡಿದ್ದಷ್ಟೇ. ಅದನ್ನೇ ಮನೆಯಲ್ಲಿ ಮಾಡುತ್ತೇನೆಂದು ಒಪ್ಪಿಕೊಂಡೆ. ಅಲ್ಲಿಂದ ನನ್ನ ನೆಮ್ಮದಿ ಹೋಯಿತು.

ಯೀಸ್ಟ್ ನಮ್ಮ ಬೀದಿಯ ಅಂಗಡಿಗಳಲ್ಲಿ ಸಿಗಲಿಲ್ಲ. ಗಂಡ ಬಂಟ್ವಾಳದ ಬೇಕರಿಯವರನ್ನು ಕಾಡಿ ಒಂದು ಪೊಟ್ಟಣ ತಂದರು. ಹಾಲಿನ ಬದಲಿಗೆ ಏನು ಎಂಬುದಕ್ಕೆ ಮಾತ್ರ ಈ ಊರಿನಲ್ಲಿ ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ: ತೆಂಗಿನಕಾಯಿಯ ಹಾಲು. ಬೆಣ್ಣೆಯ ಬದಲು ತೆಂಗಿನೆಣ್ಣೆ. ನಮ್ಮ ಕಡೆ ಅದನ್ನು ತಲೆಗೆ ಹಚ್ಚುತ್ತಾರೆ. ಮೊದಲ ಸಲ ಹಿಟ್ಟಿಗೆ ಸುರಿದಾಗ ಯಾರದೋ ಜಡೆ ನಾದುತ್ತಿದ್ದೇನೆ ಎನಿಸಿತು. ಮೈದಾ, ಬೆಲ್ಲ, ಕಿವುಚಿದ ಕದಳಿ ಹಣ್ಣು, ಹೆಚ್ಚಿದ ಖರ್ಜೂರ, ಒಣದ್ರಾಕ್ಷಿ. ಇಷ್ಟೇ. ಹೇಳುವುದಕ್ಕೆ ಸುಲಭ.

ಒಲೆಗೆ ಎದುರು ಮನೆಯ ಜುಬೈದಾ ದಾರಿ ತೋರಿಸಿದಳು. ಅವಳ ಗಂಡ ಗಲ್ಫಿನಿಂದ ತಂದ ಓವನ್ ಅವರ ಮನೆಯ ಚಾವಡಿಯಲ್ಲಿತ್ತು. ಅದನ್ನು ಹೊತ್ತು ತಂದಾಗ ಪದ್ಮಕ್ಕ ಬಾಗಿಲಲ್ಲೇ ತಡೆದರು.

“ಅದರಲ್ಲಿ ಏನೆಲ್ಲ ಬೇಯಿಸಿದ್ದೀ ಜುಬೈದಾ?”

“ಏನೂ ಇಲ್ಲ ಅಮ್ಮ. ಪಿಂಗಾಣಿ ಪ್ಲೇಟು ಇಟ್ಟದ್ದು ಮಾತ್ರ. ಪ್ಲೇಟು ಬೇಯ್ಲಿಲ್ಲ.”

ಮೊದಲ ಸಲ ಕರಾವಳಿಯ ಸೆಕೆಗೆ ಹಿಟ್ಟು ಪಾತ್ರೆಯ ಮುಚ್ಚಳವನ್ನೇ ಎತ್ತಿ ಹುಳಿಯಾಯಿತು. ಎರಡನೆಯ ಸಲ ಕರೆಂಟು ಕೈಕೊಟ್ಟಿತು: ಅಡಿಕೆ ತೋಟಗಳ ಪಂಪು ಓಡುವಾಗ ವೋಲ್ಟೇಜ್ ಇಳಿದು, ಓವನ್ ಕೈ ಕಾಯಿಸಿಕೊಳ್ಳುವಷ್ಟು ಮಾತ್ರ ಬಿಸಿಯಾಗುತ್ತಿತ್ತು. ಬನ್ನುಗಳು ಬಿಳಿಚಿಕೊಂಡು ಕೂತಿದ್ದವು. ಸಲಹೆಗಳಿಗೆ ಮಾತ್ರ ಯಾವತ್ತೂ ವೋಲ್ಟೇಜ್ ಕಡಿಮೆಯಾಗಲಿಲ್ಲ. ಒಬ್ಬರು ಸೋಡಾ ಹಾಕಿ ಎಂದರು, ಇನ್ನೊಬ್ಬರು ಸುಮ್ಮನೆ ಕರಿಯಿರಿ ಎಂದರು. ತುಪ್ಪವನ್ನು ಎಲ್ಲರೂ ಹೇಳಿದರು.

ಹುಟ್ಟುಹಬ್ಬದ ಹಿಂದಿನ ದಿನ ರಜೆಯಿತ್ತು. ಪಂಪು ಶುರುವಾಗುವ ಮೊದಲೇ, ಬೆಳಿಗ್ಗೆ ಬೇಯಿಸಿದೆ. ಈ ಸಲ ಬನ್ನು ಬನ್ನಾಗಿತ್ತು. ಆರಲು ಹರಡಿ, ಪಲ್ಲವಿಯನ್ನು ಕರೆದುಕೊಂಡು ಪೇಟೆಗೆ ಹೋದೆ. ಮರಳಿ ಬಂದಾಗ ಬನ್ನುಗಳು ಫಳಫಳ ಹೊಳೆಯುತ್ತಿದ್ದವು. ಪಕ್ಕದಲ್ಲಿ ಪದ್ಮಕ್ಕ, ಕೈಯಲ್ಲಿ ಬಟ್ಟಲು.

“ಒಣಗಿದ ಹಾಗೆ ಕಾಣ್ತಿತ್ತು ಸುನಂದಾ. ಹುಟ್ಟುಹಬ್ಬದ್ದು ಅಲ್ವಾ, ಸ್ವಲ್ಪ ತುಪ್ಪ ಸವರಿದೆ. ಮೇಲಿಂದ ಮಾತ್ರ.”

ಪಲ್ಲವಿ ಅಳಲಿಲ್ಲ. “ಬಿಡವ್ವಾ, ಚಾಕಲೇಟ್ ಹಂಚೂಣು. ನಾನು ತಿನ್ನೂದಿಲ್ಲ” ಎಂದು ಒಳಗೆ ಹೋದಳು. ಅವಳು ಅತ್ತಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ.

“ಪದ್ಮಕ್ಕ, ನಿಮ್ಮ ಅನ್ನದ ಮೇಲೆ ನಾನು ಒಂದು ಹನಿ ಮೊಟ್ಟೆ ಸವರಿದರೆ ಒರೆಸಿ ಉಣ್ಣುತ್ತೀರಾ? ಮೇಲಿಂದ ಮಾತ್ರ?”

ಅವರ ಮುಖ ಕಪ್ಪಿಟ್ಟಿತು. ಬಟ್ಟಲು ಹಿಡಿದುಕೊಂಡು ತಮ್ಮ ಪಾಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊಸ ಮನೆ ಹುಡುಕಬೇಕಾದೀತೆಂದು ನಾನು ಲೆಕ್ಕ ಹಾಕತೊಡಗಿದೆ.

ಇಳಿಹೊತ್ತಿಗೆ ಬಾಗಿಲು ತೆರೆಯಿತು. ಪದ್ಮಕ್ಕ ಮಿಂದು ಸೀರೆ ಬದಲಿಸಿ ಬಂದಿದ್ದರು. ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಪೂಜೆಗೆ ಹೊರಟವರ ಹಾಗೆ.

“ಮೈದಾ ಉಂಟಾ?” ಎಂದರು. “ಉಂಟು” ಎಂದೆ. ನಾನು ಪಾತ್ರೆಗಳನ್ನೆಲ್ಲ ಮತ್ತೆ ತೊಳೆದೆ, ಅವರು ಕಾಯಿ ತುರಿದು ಹಾಲು ಹಿಂಡಿದರು. ಹಿಟ್ಟು ಉಬ್ಬುವುದನ್ನು ಸಂಶಯದಿಂದ ನೋಡುತ್ತಾ ಕುಳಿತರು. ಉಂಡೆ ಕಟ್ಟಿ ಓವನ್ನಿಗೆ ಇಟ್ಟರೆ ಪಂಪುಗಳು ಇನ್ನೂ ಓಡುತ್ತಿದ್ದವು. ದೀಪ ಮಿಣುಕುತ್ತಿತ್ತು. ಜುಬೈದಾ ಇಣುಕಿದಳು.

“ಅಮ್ಮ, ಹೊತ್ತು ಮುಳುಗ್ತಾ ಉಂಟು. ನಿಮ್ಮ ಊಟ?”

“ಊಟ ಎಲ್ಲಿಗೆ ಓಡ್ತದೆ?”

“ಊಟ ಓಡುದಿಲ್ಲ, ಹೊತ್ತು ಓಡ್ತದೆ. ಹೋಗಿ ಉಂಡು ಬನ್ನಿ, ನಾವು ನೋಡ್ತೇವೆ.”

“ಉಂಡ್ರೆ ಕೈಗೆ ಮೊಸರು ತಾಗ್ತದೆ,” ಎಂದರು ಪದ್ಮಕ್ಕ. “ಮತ್ತೆ ಇದನ್ನು ಮುಟ್ಲಿಕ್ಕಿಲ್ಲ.”

ಹೊತ್ತು ಮುಳುಗಿತು. ಪಂಪುಗಳು ನಿಂತು ದೀಪ ಬೆಳಗಿತು, ಓವನ್ ಕಾಯಿತು. ಬನ್ನು ಹೊರಗೆ ಬಂದಾಗ ಪದ್ಮಕ್ಕ ಬೆಲ್ಲದ ನೀರು ಕಾಯಿಸಿ ಒಂದೊಂದರ ಮೇಲೂ ಸವರಿದರು. “ಹೊಳಪು ಬೇಕಲ್ಲ?” ಎಂದರು. ಒಂದನ್ನು ಮುರಿದು ಪಲ್ಲವಿಗೆ ಕೊಟ್ಟರು. ತಾವು ತಿನ್ನಲಿಲ್ಲ. “ಅದು ಉಬ್ಬುದು ನಾನು ಕಣ್ಣಾರೆ ನೋಡಿದ್ದೇನೆ. ನನಗೆ ಬೇಡಪ್ಪ.” ಆ ರಾತ್ರಿ ಅವರು ಉಪವಾಸ ಮಲಗಿದರು. ತುಪ್ಪದ ಬನ್ನುಗಳನ್ನು ಜುಬೈದಾಳ ಮನೆಯಲ್ಲಿ ಖಾಲಿ ಮಾಡಿದರು.

ಮರುದಿನ ಪಲ್ಲವಿ ಬರಿದಾದ ಡಬ್ಬಿಯೊಡನೆ ಮನೆಗೆ ಬಂದಳು. “ಇದು ಬನ್ಸೇ ಅಲ್ಲ ಅಂದ್ರು ಎಲ್ಲಾರೂ. ಆಮೇಲೆ ಇನ್ನೊಂದು ಉಂಟಾ ಅಂತ ಕೇಳಿದ್ರು.” ಅವಳಿಗೆ ಎಷ್ಟು ಸಿಕ್ಕಿತು ಎಂದು ಕೇಳಿದೆ. “ಒಂದು. ಎಲ್ಲಾರಿಗೂ ಒಂದೊಂದೇ ಅಲ್ಲೇನು?” ಎಂದಳು, ನಾನು ಕೇಳಬಾರದ್ದೇನನ್ನೋ ಕೇಳಿದ ಹಾಗೆ.

ಆಮೇಲೆ ಬೆಳ್ತಂಗಡಿಯಲ್ಲಿ ಪದ್ಮಕ್ಕನ ನೆಂಟರ ಮದುವೆಗೆ ಹೋದೆವು. ನಾವು ಚಪ್ಪಲಿ ಬಿಡುವ ಮೊದಲೇ ಅವರು ಅಡುಗೆಯ ಚಪ್ಪರಕ್ಕೆ ನುಗ್ಗಿದ್ದರು. ಅವರ ದನಿ ಹೊರಗೆ ಕೇಳುತ್ತಿತ್ತು: “ತುಪ್ಪವೂ ಹಾಲೇ ಭಟ್ರೇ. ಹನಿ ಅಂದ್ರೂ ಹನಿಯೇ.” ನನಗೆ ನಾಚಿಕೆಯಾಯಿತು. ಊಟದ ಪಂಕ್ತಿಯೇ ನಮ್ಮನ್ನು ತಿರುಗಿ ನೋಡಿತ್ತು.

ಬೇಸಿಗೆ ರಜೆಗೆ ಗದಗಿಗೆ ಹೋದಾಗ ನನ್ನವ್ವ ಹೋಳಿಗೆ ಬಡಿಸಿದಳು. ಪಲ್ಲವಿ ಎಲೆಯನ್ನೇ ನೋಡುತ್ತಾ ಕೇಳಿದಳು: “ಇದಕ್ಕೆ ತುಪ್ಪ ಉಂಟಾ ಅಜ್ಜಿ?”

“ಉಂಟಾ ಅಂತ ಉಂಟಾ!” ಅವ್ವ ನಕ್ಕಳು. “ಒಂದ ಹನಿ ಐತಿ ನನ್ನವ್ವಾ. ಅಷ್ಟಕ್ಕ ಏನಾಕ್ಕೈತಿ?”

ಪಲ್ಲವಿ ಎಲೆಯನ್ನು ದೂರ ಸರಿಸಿದಳು. “ನಮ್ಮ ಮನೆಯಲ್ಲಿ ಹಾಕುದಿಲ್ಲ.”

ಅವ್ವನ ನಗು ಆರಿತು. “ಮತ್ತ ಇದು ಯಾರ ಮನಿ?” ಎಂದು ಅವಳನ್ನು ಬಿಟ್ಟು ನನ್ನನ್ನು ಕೇಳಿದಳು.

ನಾನು ಎದ್ದು ಚೀಲದಿಂದ ಬನ್ನಿನ ಡಬ್ಬಿ ತಂದೆ. ಹೊರಡುವಾಗ ಪದ್ಮಕ್ಕ ಕಟ್ಟಿಕೊಟ್ಟದ್ದು. ಬಸ್ಸಿನ ಸೆಕೆಗೆ ಬೆಲ್ಲ ಕರಗಿ ಡಬ್ಬಿಗೆಲ್ಲ ಅಂಟಿತ್ತು. ಇದರಲ್ಲಿ ಏನಿದೆ ಎಂದು ನಾನು ಎರಡೂ ಊರುಗಳಲ್ಲಿ ಕೇಳುತ್ತಲೇ ಇರಬೇಕಿತ್ತು. ನನಗಿಂತ ಮೊದಲು ಕೇಳುವವರು ಇದ್ದದ್ದು ಒಂದೇ ಮನೆಯಲ್ಲಿ. ಆ ಮನೆಗೆ ನಾವು ಬಾಡಿಗೆ ಕೊಡುತ್ತಿದ್ದೆವು.