ಪೆನ್ಸಿಲ್ ಚುಕ್ಕೆಯ ಹಾಜರಿ

ನಾನು ಫೋನಿಗೆ ಹೆದರುತ್ತಿದ್ದೆ ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ಈಗಲೂ ಕೆಲವರು ಹೇಳಿಕೊಂಡು ನಗುತ್ತಾರೆ. ಅದು ಸುಳ್ಳು. ಹೆದರಿಕೆಯಾಗಿದ್ದರೆ ಹೇಗೋ ಕ್ಷಮಿಸಬಹುದಿತ್ತು. ನನಗಿದ್ದದ್ದು ಕೊಬ್ಬು. ಚಾಮರಾಜಪೇಟೆಯ ಹಳೆಯ ಅನುದಾನಿತ ಹೈಸ್ಕೂಲೊಂದರಲ್ಲಿ ಇಪ್ಪತ್ತೇಳು ವರ್ಷದಿಂದ ಗಣಿತ ಹೇಳಿಕೊಡುತ್ತಿರುವವಳು ನಾನು. ಕಪ್ಪು ಹಲಗೆಯ ಮೇಲೆ ಬರಿಗೈಯಲ್ಲಿ ವೃತ್ತ ಎಳೆದರೆ ಕೈವಾರ ಇಟ್ಟು ನೋಡಿದರೂ ತಪ್ಪು ಸಿಗುವುದಿಲ್ಲ. ಅಂಥವಳಿಗೆ ಅಂಗೈಯಗಲದ ಗಾಜಿನ ಮೇಲೆ ಬೆರಳಾಡಿಸುವುದನ್ನು ಯಾರೋ ಬಂದು ಕಲಿಸುತ್ತಾರಂತೆ ಎಂದು ಮೂಗು ಮುರಿದೆ.

ಎರಡು ದಿನದ ತರಬೇತಿಗೆ ಕಳಿಸಿದರು. ಹೋದೆ. ಕೊನೆಯ ಬೆಂಚಿನಲ್ಲಿ ಕೂತು, ಮೊಣಕಾಲಿನ ಮೇಲೆ ಕಿರುಪರೀಕ್ಷೆಯ ಉತ್ತರ ಪತ್ರಿಕೆಗಳನ್ನಿಟ್ಟುಕೊಂಡು ತಿದ್ದಿದೆ. ನನ್ನ ಕ್ಲಾಸಿನಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಎಬ್ಬಿಸಿ ಹೊರಗೆ ನಿಲ್ಲಿಸುತ್ತಿದ್ದೆ. ಆ ತರಬೇತಿಯವರು ಪಾಪ, ಊಟವಾಯಿತೇ ಎಂದು ಕೇಳಿ ಪ್ರಮಾಣಪತ್ರವನ್ನೂ ಕೊಟ್ಟು ಕಳಿಸಿದರು.

ಆ ತರಬೇತಿ ನಡೆದದ್ದು ಹಾಜರಾತಿಯ ಹೊಸ ಆಪ್‌ಗೋಸ್ಕರ. ಬೆಳಿಗ್ಗೆ ಹತ್ತಕ್ಕೆ ಪ್ರಾರ್ಥನೆ. ಹತ್ತೂವರೆಯೊಳಗೆ ತರಗತಿಯ ಟೀಚರು ತಮ್ಮ ಫೋನಿನಲ್ಲಿ ಬಂದವರು ಯಾರು, ಬಾರದವರು ಯಾರು ಎಂದು ಒತ್ತಿ ಕಳಿಸಬೇಕು. ನಮ್ಮಲ್ಲಿ ಮೊದಲಿಂದಲೂ ಇದ್ದ ಕ್ರಮ ಬೇರೆ. ನಾನು ಕೆಲಸಕ್ಕೆ ಸೇರಿದಾಗ ಹಿರಿಯ ಮೇಷ್ಟ್ರೊಬ್ಬರು ಕಲಿಸಿದ್ದು. ಮೊದಲ ಪೀರಿಯಡ್ಡಿನಲ್ಲಿ ಹೆಸರು ಕೂಗುವಾಗ ಬಾರದವರ ಚೌಕದಲ್ಲಿ ಪೆನ್ಸಿಲ್ಲಿನಿಂದ ಒಂದು ಸಣ್ಣ ಚುಕ್ಕೆ. ಮಧ್ಯಾಹ್ನದ ಊಟದ ಬೆಲ್ಲಿಗೆ ಮುಂಚೆ ಹಾಜರಿ ಪುಸ್ತಕವನ್ನು ಮತ್ತೆ ತೆಗೆಯಬೇಕು. ಅಷ್ಟರಲ್ಲಿ ಬಂದು ಕೂತವರ ಚುಕ್ಕೆ ಅಳಿಸಿ ಶಾಯಿಯಲ್ಲಿ ಹಾಜರು; ಬಾರದೇ ಹೋದವರಿಗೆ ಶಾಯಿಯಲ್ಲಿ ಗೈರು. ಯಾವ ನಿಯಮದಲ್ಲೂ ಇದು ಬರೆದಿಲ್ಲ. ಆದರೆ ನಮ್ಮದು ಮಾರ್ಕೆಟ್ಟಿಗೆ ಅಂಟಿಕೊಂಡ ಶಾಲೆ. ಸೂರ್ಯ ಹುಟ್ಟುವ ಮುಂಚೆ ಕೆಲಸ ಶುರುವಾಗುವ ಮನೆಗಳಿಂದ ಮಕ್ಕಳು ಬರುತ್ತಾರೆ. ಹೂವಿನ ಮೂಟೆ ಇಳಿಸುವವರು, ಬಳೇಪೇಟೆಯಲ್ಲಿ ಕೈಗಾಡಿ ತಳ್ಳುವವರು, ಸೊಪ್ಪು ಮಾರುವವರು. ಅಂಥ ಮನೆಯ ಮಕ್ಕಳನ್ನು ಹತ್ತು ಗಂಟೆಗೇ ಶಾಯಿಯಲ್ಲಿ ಗೈರು ಮಾಡಿದರೆ ಶಾಲೆ ಯಾರಿಗೋಸ್ಕರ ನಡೆಸಬೇಕು?

ಆಪ್ ಬಂದಮೇಲೆ ನಾನು ಮಾಡಿದ ಏರ್ಪಾಟು ಸುಲಭದ್ದು. ನಮ್ಮ ಕಂಪ್ಯೂಟರ್ ಮೇಷ್ಟ್ರು ಮೂವತ್ತರ ಹುಡುಗ, ಒಳ್ಳೆಯವನು. ನಾವು ಆರು ಜನ ಹಿರಿಯ ಟೀಚರುಗಳು ಬೆಳಿಗ್ಗೆ ಬಂದ ಕೂಡಲೇ ನಮ್ಮ ಫೋನುಗಳನ್ನು ಸ್ಟಾಫ್ ರೂಮಿನ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟುಬಿಡುವುದು. ಪಾಸ್‌ವರ್ಡುಗಳನ್ನು ಒಂದು ಚೀಟಿಯಲ್ಲಿ ಬರೆದು ಅವನಿಗೆ ಕೊಟ್ಟಿದ್ದೆವು. ಪ್ರಾರ್ಥನೆಯ ಸಾಲಿನಲ್ಲಿ ಯಾರು ಇಲ್ಲವೆಂದು ನೋಡಿಕೊಂಡು ಅವನೇ ಆರಕ್ಕೂ ಒತ್ತಿ ಕಳಿಸುತ್ತಿದ್ದ.

"ಮೇಡಂ, ಇದನ್ನ ನೀವೇ ಮಾಡಿದ್ರೆ ಒಳ್ಳೇದು. ಐದೇ ನಿಮಿಷ, ಹೇಳ್ಕೊಡ್ತೀನಿ" ಎಂದ ಒಂದು ದಿನ.

"ಐದು ನಿಮಿಷದಲ್ಲಿ ನಾನೊಂದು ಪ್ರಮೇಯ ಮುಗಿಸ್ತೀನಪ್ಪ" ಎಂದೆ. ಎಲ್ಲರೂ ನಕ್ಕರು. ನನಗೆ ಖುಷಿಯಾಯಿತು. ಅವನು ಮತ್ತೆ ಕೇಳಲಿಲ್ಲ.

ಹೀಗೆ ಜೂನಿನಿಂದ ಜನವರಿಯವರೆಗೆ ನಡೆಯಿತು. ಜನವರಿಯಲ್ಲಿ ಹೆಡ್‌ಮಾಸ್ಟರು ನನ್ನನ್ನು ಕರೆಸಿ ಒಂದು ಹಾಳೆ ಮುಂದಿಟ್ಟರು. ಹತ್ತನೇ ತರಗತಿಯ ಪರೀಕ್ಷೆಗೆ ಹಾಜರಾತಿ ಸಾಲದವರ ಪಟ್ಟಿ. ನನ್ನ ತರಗತಿಯಿಂದ ಒಂದೇ ಹೆಸರು, ಒಬ್ಬ ಹುಡುಗಿಯದು. ನಾನು ನಕ್ಕುಬಿಟ್ಟೆ, ಏಕೆಂದರೆ ಶಾಲೆ ತಪ್ಪಿಸುವ ಹುಡುಗಿಯೇ ಅಲ್ಲ ಅವಳು.

ಅವಳ ತಾಯಿ ಮಾರ್ಕೆಟ್ಟಿನಲ್ಲಿ ಸೊಪ್ಪಿನ ವ್ಯಾಪಾರ ಮಾಡುವವರು. ಲೋಡು ಬಂದಮೇಲೆ ಕೊತ್ತಂಬರಿ, ಮೆಂತ್ಯ, ಸಬ್ಬಸಿಗೆಗಳನ್ನು ಕಟ್ಟುಕಟ್ಟುವುದಕ್ಕೆ ಮಗಳು ನಿಲ್ಲಬೇಕು. ಅದು ಮುಗಿಸಿ ಮನೆಗೆ ಓಡಿ, ಸ್ನಾನ ಮಾಡಿ, ಸಮವಸ್ತ್ರ ಹಾಕಿಕೊಂಡು ಬರುವಷ್ಟರಲ್ಲಿ ಎರಡನೇ ಪೀರಿಯಡ್ಡು. ಉಳಿದವರಿಗೆ ವಾರಕ್ಕೊಂದೆರಡು ದಿನ ತಡವಾದರೆ ಇವಳಿಗೆ ದಿನಾ. ಬೆರಳ ತುದಿಯಲ್ಲಿ ಹಸಿರು ಹೋಗಿರುತ್ತಿರಲಿಲ್ಲ. ಪುಟಕ್ಕೆ ಕಲೆ ತಾಗಬಾರದೆಂದು ಅಂಗೈ ಕೆಳಗೆ ನ್ಯೂಸ್‌ಪೇಪರಿನ ಚೂರೊಂದನ್ನು ಇಟ್ಟುಕೊಂಡು ಲೆಕ್ಕ ಬರೆಯುತ್ತಿದ್ದಳು. ಅವಳಷ್ಟು ಚೊಕ್ಕವಾದ ರೇಖಾಗಣಿತದ ನೋಟು ನನ್ನ ಬೀರುವಿನಲ್ಲಿ ಇನ್ನೊಂದಿಲ್ಲ.

ನಾನು ಹಾಜರಿ ಪುಸ್ತಕ ತಂದು ತೋರಿಸಿದೆ. ಸಾಲುಸಾಲು ಶಾಯಿಯ ಹಾಜರಿ.

"ಪುಸ್ತಕ ಯಾರು ನೋಡ್ತಾರೆ ಮೇಡಂ? ಆಪಲ್ಲಿ ಗೈರು ಅಂದ್ರೆ ಗೈರು. ಪುಸ್ತಕದಲ್ಲಿ ನೀವು ಏನ್ ಬೇಕಾದ್ರೂ ಬರ್ಕೊಂಡಿರಬೋದು ಅಂತಾರೆ" ಎಂದರು ಹೆಡ್‌ಮಾಸ್ಟರು.

ಪಿತ್ತ ನೆತ್ತಿಗೇರಿತು. ಇಪ್ಪತ್ತೇಳು ವರ್ಷ ನಾನು ಬರೆದದ್ದನ್ನು ಯಾರೂ ಹೀಗೆ ಅಂದಿರಲಿಲ್ಲ. ಆ ಸಿಟ್ಟಿನಲ್ಲೇ ಕ್ಲಾಸಿಗೆ ಹೋದೆ. ಅವಳನ್ನು ಹೊರಗೆ ಕರೆದು ವಿಷಯ ಹೇಳಿದೆ. ಹೇಳಿ ಸುಮ್ಮನಿರದೆ ಗದರಿದೆ ಕೂಡ: "ಲೇಟಾಗತ್ತೆ ಅಂತ ಮನೇಲಿಂದ ಒಂದು ಮಾತು ಹೇಳಿ ಕಳಿಸೋಕೆ ಏನಾಗಿತ್ತು?"

ಅವಳು ನನ್ನ ಮುಖವನ್ನೇ ನೋಡಿದಳು. "ಅಮ್ಮ ದಿನಾ ಹೇಳ್ತಾರಲ್ಲ ಮಿಸ್. ನಿಮ್ಮ ಫೋನಿಗೇ ವಾಯ್ಸ್ ಮೆಸೇಜ್ ಹಾಕ್ತಾರೆ. ನೀವು ಕೇಳ್ತಿದೀರ ಅಂದ್ಕೊಂಡಿದ್ವಿ."

ಜೂನಿನ ಪೋಷಕರ ಸಭೆಯಲ್ಲಿ ಸೀಮೆಸುಣ್ಣದಲ್ಲಿ ನನ್ನ ನಂಬರನ್ನು ಹಲಗೆಯ ಮೇಲೆ ಬರೆದವಳು ನಾನೇ. ಏನಿದ್ದರೂ ನನಗೆ ತಿಳಿಸಿ ಎಂದು ಎರಡು ಸಲ ಹೇಳಿದ್ದೆ. ಬಳಿಕ ಫೋನಿನಲ್ಲಿ ಏನೇನೋ ಚಿಹ್ನೆಗಳ ಪಕ್ಕ ಅಂಕಿ ಏರುತ್ತಿದ್ದುದನ್ನು ನೋಡಿದ್ದೆ. ಸೀರೆ ಅಂಗಡಿಯ ಜಾಹೀರಾತು ಇರಬೇಕೆಂದು ತಿರುಗಿ ನೋಡಿರಲಿಲ್ಲ.

ಆ ದಿನ ಶಾಲೆ ಬಿಟ್ಟಮೇಲೆ ಕಂಪ್ಯೂಟರ್ ಮೇಷ್ಟ್ರನ್ನು ಕರೆದೆ. ತ್ರಿಕೋನದ ಗುರುತು ಒತ್ತಿದರೆ ಮಾತು ಕೇಳುತ್ತದೆ ಎಂದು ತೋರಿಸಿದ. ನೀನು ಹೋಗಪ್ಪ, ನಾನೇ ಒತ್ತುತ್ತೇನೆ ಎಂದು ಕಳಿಸಿದೆ. ಖಾಲಿ ಕ್ಲಾಸಿನ ಬೆಂಚಿನಲ್ಲಿ ಹಾಜರಿ ಪುಸ್ತಕ ಬಿಚ್ಚಿಟ್ಟುಕೊಂಡು ಒಬ್ಬಳೇ ಕೂತೆ.

"ಮೇಡಂ, ನಮಸ್ಕಾರ. ಇವತ್ತು ಲೋಡು ಲೇಟು. ಮಗಳು ಇಲ್ಲೇ ಇದಾಳೆ. ಎರಡ್ನೇ ಪೀರಿಯಡ್‌ಗೆ ಬಂದ್ಬಿಡ್ತಾಳೆ, ಆಬ್ಸೆಂಟ್ ಹಾಕ್ಬೇಡಿ." ಹಿಂದೆ ಮಾರ್ಕೆಟ್ಟಿನ ಗಲಾಟೆ, ಯಾರೋ ಹೂವಿನ ದರ ಕೂಗುತ್ತಿದ್ದಾರೆ. "ಮೇಡಂ, ಇವತ್ತು ನಿಮ್ಮ ಟೆಸ್ಟ್ ಇದೆಯಂತೆ, ಬೇಗ ಕಳಿಸ್ತೀನಿ." "ಮೇಡಂ, ಮಳೆ ಜಾಸ್ತಿ ಇದೆ, ನೆನ್ಕೊಂಡು ಬರ್ತಾಳೆ, ಸ್ವಲ್ಪ ಫ್ಯಾನ್ ಕೆಳಗೆ ಕೂರ್ಸಿ." ಪ್ರತಿದಿನ ಒಂದು. ಜೂನು, ಜುಲೈ, ಆಗಸ್ಟು. ಒಮ್ಮೆಯೂ ಆ ತಾಯಿ ಯಾಕೆ ಉತ್ತರ ಕೊಡುವುದಿಲ್ಲ ಎಂದು ಕೇಳಿರಲಿಲ್ಲ. ನಾಚಿಕೆಯಾಯಿತು. ಬೇರೆ ಯಾವ ಮಾತೂ ಅದಕ್ಕೆ ಹೊಂದುವುದಿಲ್ಲ. ಅಳುವೂ ಬಂತು.

ನಡುವೆ ಒಂದು ಮೆಸೇಜು ಬೇರೆಯಾಗಿತ್ತು. "ಮೇಡಂ, ಮಗಳಿಗೆ ಜ್ವರ. ಇವತ್ತು ಬರಲ್ಲ. ಆಬ್ಸೆಂಟೇ ಹಾಕ್ಕೊಳ್ಳಿ, ಸುಳ್ಳು ಬೇಡ." ದಿನಾಂಕ ನೋಡಿ ಪುಸ್ತಕದ ಚೌಕ ಹುಡುಕಿದೆ. ಅಲ್ಲಿ ನನ್ನ ಕೈಬರಹದಲ್ಲಿ, ಶಾಯಿಯಲ್ಲಿ, ಗೈರು. ಅಂಥವು ಆರು ಸಿಕ್ಕವು. ಆರಕ್ಕೆ ಆರೂ ತಾಳೆಯಾದವು. ಆಗ ಅಳು ನಿಂತು ಮೈಯಲ್ಲಿ ಬೇರೆಯೇ ಕಾವು ಹತ್ತಿತು.

ಮಲ್ಲೇಶ್ವರದಲ್ಲಿ ನನ್ನ ಮನೆ. ಸಂಪಿಗೆ ರಸ್ತೆಯಲ್ಲಿ ಮೆಟ್ರೋ ಹತ್ತಿ ಮಾರ್ಕೆಟ್ಟಿನಲ್ಲಿ ಇಳಿದು ಶಾಲೆಗೆ ನಡೆಯುವುದು ರೂಢಿ. ಮರುದಿನ ಒಂದು ಗಂಟೆ ಮುಂಚೆಯೇ ಹೊರಟು ನೇರ ಆ ತಾಯಿಯ ಹತ್ತಿರ ಹೋದೆ. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ. ನನ್ನನ್ನು ನೋಡಿ ಕೂತ ಮಣೆಯನ್ನೇ ಬಿಟ್ಟುಕೊಟ್ಟರು.

"ನಿಮ್ಮ ಒಂದು ಮೆಸೇಜನ್ನೂ ನಾನು ಕೇಳಿರಲಿಲ್ಲಮ್ಮ. ಕೇಳೋಕೆ ಬರ್ತಿರಲಿಲ್ಲ" ಎಂದೆ.

"ಅಯ್ಯೋ, ನಿಮಗೆ ಬರಲ್ವಾ?" ಎಂದು ಬಾಯಿ ಮೇಲೆ ಕೈಯಿಟ್ಟುಕೊಂಡರು. ನಗು ಬಂದದ್ದನ್ನು ಮುಚ್ಚಿಕೊಳ್ಳಲಿಲ್ಲ. "ನಂಗೆ ಓದೋಕೇ ಬರಲ್ಲ ಮೇಡಂ. ಎಷ್ಟು ಹೋಟ್ಲಿನೋರಿಗೆ ಸೊಪ್ಪು ಕಳಿಸ್ತೀನಿ, ಎಲ್ಲಾ ಇದ್ರಲ್ಲೇ. ಕೊಡಿ ಇಲ್ಲಿ. ಇದನ್ನ ಒತ್ತಿ ಹಿಡ್ಕೊಳ್ಳಿ, ಮಾತಾಡಿ, ಬಿಡಿ. ಒತ್ತಿ ಮೇಡಂ, ಕಚ್ಚಲ್ಲ."

ಒತ್ತಿದೆ. ಎದುರಿಗೇ ನಿಂತಿದ್ದ ಅವರಿಗೆ "ನಮಸ್ಕಾರ, ನಾನು ನಿಮ್ಮ ಮಗಳ ಟೀಚರು" ಎಂದು ಜೀವನದ ಮೊದಲ ವಾಯ್ಸ್ ಮೆಸೇಜು ಕಳಿಸಿದೆ. ಅವರ ಫೋನಿನಿಂದ ನನ್ನ ದನಿ ಬಂದಾಗ ಪಕ್ಕದ ನಿಂಬೆಹಣ್ಣಿನವರೂ ನಕ್ಕರು. ತರಬೇತಿಯಲ್ಲಿ ಎರಡು ದಿನ ಕೂತು ಕಲಿಯದ್ದನ್ನು ಸೊಪ್ಪಿನ ರಾಶಿಯ ಪಕ್ಕದಲ್ಲಿ ಎರಡು ನಿಮಿಷಕ್ಕೆ ಕಲಿತೆ.

ಶಾಲೆಗೆ ಬಂದು ಕಂಪ್ಯೂಟರ್ ಮೇಷ್ಟ್ರ ಹತ್ತಿರ ಆ ಐದು ನಿಮಿಷವನ್ನು ನಾನೇ ಕೇಳಿ ಪಡೆದೆ. ಆಪ್ ತೆರೆಸಿ ಒಂದೊಂದು ಗುರುತೂ ಏನೆಂದು ಕೇಳಿದೆ. ಹೆಸರುಗಳ ಮೇಲೆ, ಮೂಲೆಯಲ್ಲಿ ಒಂದು ಪುಟ್ಟ ಪೆನ್ಸಿಲ್ಲಿನ ಚಿತ್ರವಿತ್ತು.

"ಇದೇನಪ್ಪ?"

"ತಿದ್ದುಪಡಿ ಮೇಡಂ. ತರಗತಿ ಟೀಚರು ಅದೇ ದಿನ ನಾಲ್ಕು ಗಂಟೆವರೆಗೂ ಬದಲಾಯಿಸ್ಬೋದು. ಆಮೇಲೆ ಯಾರು ಬಂದ್ರು ಅಂತ ನಂಗೆ ಯಾರೂ ಹೇಳ್ಲಿಲ್ಲ, ಹಂಗಾಗಿ ಮುಟ್ಲಿಲ್ಲ."

ಯಾರು ಹೇಳಬೇಕಿತ್ತು? ನನ್ನ ಕ್ಲಾಸಿಗೆ ಯಾರು ಯಾವಾಗ ಬಂದರೆಂದು ಗೊತ್ತಿದ್ದವಳು ನಾನೊಬ್ಬಳೇ. ಅಷ್ಟು ದಿನವೂ ಆ ಪೆನ್ಸಿಲ್ಲು ಅಲ್ಲೇ ಇತ್ತು. ನಾನು ಮಾತ್ರ ಕಿಟಕಿಯ ಕಟ್ಟೆಯ ಮೇಲೆ ಅದನ್ನು ಬಿಟ್ಟು ಬಂದು, ನಮ್ಮ ಹಳೆಯ ಕ್ರಮವೇ ಮಾನವೀಯ ಎಂದು ಭಾಷಣ ಬಿಗಿಯುತ್ತಿದ್ದೆ.

ಹಳೆಯ ದಿನಗಳನ್ನು ತಿದ್ದಬೇಕಾದರೆ ಮೇಲಿನ ಕಚೇರಿಯ ಅಪ್ಪಣೆ ಬೇಕು. ಹೆಡ್‌ಮಾಸ್ಟರು ಹಿಂದೆಮುಂದೆ ನೋಡಿದರು. ನೀವು ಬರದಿದ್ದರೆ ನಾನೊಬ್ಬಳೇ ಹೋಗುತ್ತೇನೆ ಎಂದು ಕಡ್ಡಿ ಮುರಿದ ಹಾಗೆ ಹೇಳಿದೆ. ಬಂದರು. ದಾರಿಯಲ್ಲಿ ಆಟೋದಲ್ಲಿ ಮೆಲ್ಲಗೆ ಹೇಳಿಕೊಟ್ಟರು: "ಸರ್ವರ್ ಪ್ರಾಬ್ಲಮ್ ಅಂದ್ಬಿಡಿ ಮೇಡಂ. ಎಲ್ಲರೂ ಅದನ್ನೇ ಹೇಳೋದು. ಯಾರಿಗೂ ತೊಂದ್ರೆ ಇಲ್ಲ."

ಅಧಿಕಾರಿ ನನಗಿಂತ ಚಿಕ್ಕವರು. "ಪುಸ್ತಕದ ಮೇಲೆ ತಿದ್ದೋಕಾಗಲ್ಲ ಮೇಡಂ" ಎಂದು ಮೊದಲೇ ಕೈ ತೊಳೆದುಕೊಂಡರು. ನಾನು ಜಗ್ಗಲಿಲ್ಲ. ಪುಸ್ತಕವನ್ನು ಅವರ ಮೇಜಿನ ಮೇಲೆ ಬಿಚ್ಚಿಟ್ಟು, ಪಕ್ಕದಲ್ಲಿ ಫೋನಿಟ್ಟೆ. "ಯಾವುದಾದ್ರೂ ಒಂದು ದಿನ ಹೇಳಿ ಸಾರ್. ಪುಸ್ತಕ ನೀವೇ ನೋಡಿ, ಫೋನ್ ನಾನು ಹಾಕ್ತೀನಿ."

ಸುಮ್ಮನೆ ಆಟಕ್ಕೆಂಬಂತೆ ಒಂದು ತಾರೀಖು ಹೇಳಿದರು. ಒತ್ತಿದೆ. ಆ ಕೋಣೆಯಲ್ಲಿ ಮಾರ್ಕೆಟ್ಟು ಕೂಗಿತು. ಎರಡನೇ ಪೀರಿಯಡ್‌ಗೆ ಬಂದ್ಬಿಡ್ತಾಳೆ, ಆಬ್ಸೆಂಟ್ ಹಾಕ್ಬೇಡಿ. ಪುಸ್ತಕದಲ್ಲಿ ಹಾಜರು. ಇನ್ನೊಂದು ತಾರೀಖು. ಹಾಜರು. ಗುಮಾಸ್ತರು ಫೈಲು ಬಿಟ್ಟು ಬಾಗಿಲಲ್ಲಿ ನಿಂತರು. ಆಮೇಲೆ ಅಧಿಕಾರಿ ತಾವೇ ಹಾಳೆ ತಿರುವಿ, ಗೈರು ಹಾಕಿದ್ದ ಚೌಕವೊಂದರ ಮೇಲೆ ಬೆರಳಿಟ್ಟರು. "ಇದು?"

ಒತ್ತಿದೆ. "ಮಗಳಿಗೆ ಜ್ವರ. ಇವತ್ತು ಬರಲ್ಲ. ಆಬ್ಸೆಂಟೇ ಹಾಕ್ಕೊಳ್ಳಿ, ಸುಳ್ಳು ಬೇಡ."

ಅವರು ಬೆರಳು ತೆಗೆದು ಪುಸ್ತಕ ಮುಚ್ಚಿದರು. ಆಮೇಲೆ ಕೇಳಿದರು: "ಹಾಗಾದ್ರೆ ಆಪಲ್ಲಿ ತಪ್ಪು ಹಾಕಿದ್ದು ಯಾರು?"

ಹೆಡ್‌ಮಾಸ್ಟರು ನನ್ನ ಕಡೆ ನೋಡಿದರು. ಸರ್ವರ್ ಎಂಬ ಮಾತು ನನ್ನ ಬಾಯಿಗೂ ಬಂದಿತ್ತು. ಆದರೆ ಈಗಷ್ಟೇ ಓದು ಬಾರದ ಒಬ್ಬ ತಾಯಿ ಎಲ್ಲರ ಮುಂದೆ ಸುಳ್ಳು ಬೇಡ ಎಂದಿದ್ದರು. ಅವರ ಮಾತಿನ ಬೆನ್ನಿಗೇ ನಾನು ಹೇಗೆ ಸುಳ್ಳು ಹೇಳಲಿ?

"ನಾನು" ಎಂದೆ. "ಫೋನ್ ನಂದು, ಕ್ಲಾಸ್ ನಂದು. ಕಲಿಯಲ್ಲ ಅಂತ ಹಟ ಮಾಡಿದ್ದೂ ನಾನೇ. ನೋಟಿಸ್ ಕೊಡೋದಾದ್ರೆ ನಂಗೆ ಕೊಡಿ. ಹುಡುಗಿ ಪರೀಕ್ಷೆ ಬರೀಲಿ."

ಎರಡೂ ಆಯಿತು. ಹಾಜರಾತಿ ತಿದ್ದಲು ಅಪ್ಪಣೆ ಸಿಕ್ಕಿತು; ನನಗೆ ಕಾರಣ ಕೇಳಿ ನೋಟಿಸೂ ಬಂತು. ನಿವೃತ್ತಿ ಹತ್ತಿರ ಇರುವಾಗ ಸರ್ವಿಸ್ ಪುಸ್ತಕದಲ್ಲಿ ಇದೆಲ್ಲ ಯಾಕೆ ಬೇಕಿತ್ತು ಎಂದು ಸ್ಟಾಫ್ ರೂಮಿನಲ್ಲಿ ಮರುಗಿದರು. ಉತ್ತರವನ್ನು ಯಾರ ಕೈಯಲ್ಲೂ ಬರೆಸಲಿಲ್ಲ. ಕನ್ನಡ ಕೀಬೋರ್ಡು ಹುಡುಕಿ, ಒಂದೊಂದೇ ಅಕ್ಷರ ಒತ್ತಿ, ಒಂದಿಡೀ ಭಾನುವಾರ ಕೂತು ಒಂದು ಪುಟ ಟೈಪು ಮಾಡಿದೆ. ಕಂಪ್ಯೂಟರ್ ಮೇಷ್ಟ್ರ ಸುದ್ದಿ ಅದರಲ್ಲಿ ಎತ್ತಲಿಲ್ಲ.

ಈಗ ತರಬೇತಿಗೆ ಕರೆದರೆ ಮುಂದಿನ ಬೆಂಚಿನಲ್ಲಿ ಕೂರುತ್ತೇನೆ. ಕಲಿಯುತ್ತೇನೆ, ಜಗಳವನ್ನೂ ಆಡುತ್ತೇನೆ. ಮಾರ್ಕೆಟ್ಟಿನ ಪಕ್ಕದ ಶಾಲೆಗೂ ಅದೇ ಹತ್ತೂವರೆ ಯಾಕೆ ಎಂದು ಕಳೆದ ಸಲ ಎದ್ದು ನಿಂತು ಕೇಳಿದೆ. ಸಿಸ್ಟಮ್ ಹಾಗಿದೆ ಎಂದರು. ಸಿಸ್ಟಮ್ಮು ಸೊಪ್ಪು ಕಟ್ಟುವುದಿಲ್ಲ, ಅದಕ್ಕೆ ಹಾಗಿದೆ ಎಂದೆ. ಬದಲಾಗುವವರೆಗೂ ಕೇಳುತ್ತೇನೆ. ಅಲ್ಲಿಯವರೆಗೆ ಹತ್ತೂವರೆಗೊಮ್ಮೆ ಒತ್ತುವುದು, ಊಟದ ಬೆಲ್ಲಿಗೆ ಮುಂಚೆ ಆ ಪುಟ್ಟ ಪೆನ್ಸಿಲ್ಲನ್ನು ಒತ್ತಿ ತಿದ್ದುವುದು. ತಿದ್ದುಪಡಿಗಳು ಹೆಚ್ಚಾಗಿವೆ ಎಂದು ದಿನಾ ಕೆಂಪು ಅಕ್ಷರದಲ್ಲಿ ಎಚ್ಚರಿಕೆ ಬರುತ್ತದೆ. ಬರಲಿ.

ಪರೀಕ್ಷೆಯ ಮೊದಲ ದಿನ ನಾನು ಇನ್ನೂ ಮೆಟ್ರೋದಲ್ಲಿದ್ದೆ. ಫೋನು ಸದ್ದು ಮಾಡಿತು. ಜನರ ನಡುವೆ ಕಂಬಿ ಹಿಡಿದು ನಿಂತೇ ಒತ್ತಿ ಕಿವಿಗಿಟ್ಟುಕೊಂಡೆ.

"ಮೇಡಂ, ಇವತ್ತು ಮಗಳನ್ನ ಮಾರ್ಕೆಟ್ಟಿಗೆ ಕರ್ಕೊಂಡು ಬಂದಿಲ್ಲ. ನಾನೊಬ್ಳೇ ಕಟ್ತಿದೀನಿ. ಅವಳು ಆಗ್ಲೇ ಪರೀಕ್ಷೆಗೆ ಹೋದ್ಲು. ಬೆರಳೆಲ್ಲ ಉಜ್ಜಿ ತೊಳ್ಕೊಂಡಿದಾಳೆ. ಇವತ್ತು ಚುಕ್ಕೆ ಇಡಂಗಿಲ್ಲ ನೀವು."

ಗುಂಡಿಯನ್ನು ಒತ್ತಿ ಹಿಡಿದುಕೊಂಡೆ. ಹೇಳಬೇಕೆಂದಿದ್ದದ್ದು ಬಹಳವಿತ್ತು. ಹೊರಟದ್ದು ಒಂದೇ ಮಾತು.

"ಕೇಳಿಸ್ಕೊಂಡೆ ಕಣಮ್ಮ."